ನೀರಿನಲ್ಲಿ ಆಮ್ಲಜನಕವಿತ್ತು

ತೆಲಂಗಾಣ ಬೇರೆ ರಾಜ್ಯವಾಗಿ ನಾಲ್ಕೋ ಐದೋ ವರ್ಷಗಳಾಗಿದ್ದವು. ಈ ಪ್ರಸಂಗ ಹೇಳುವಾಗಲೆಲ್ಲ ನಾನು 2018 ಎನ್ನುತ್ತೇನೆ. ಇಲ್ಲ, ಅದು ಅದರ ಮರುವರ್ಷ ಎಂದು ನನ್ನ ಹೆಂಡತಿ ತಿದ್ದುತ್ತಾಳೆ. ತಿಂಗಳ ಬಗ್ಗೆ ಮಾತ್ರ ಇಬ್ಬರಿಗೂ ತಕರಾರಿಲ್ಲ, ಅದು ಜೂನ್ ಮೊದಲ ವಾರ. ನಾನು ಆಗ ಹೈದರಾಬಾದಿನ ಕುಷಾಯಿಗೂಡದ ಒಂದು ಸಣ್ಣ ಖಾಸಗಿ ಪ್ರಯೋಗಾಲಯದಲ್ಲಿ ನೀರಿನ ವಿಶ್ಲೇಷಕನಾಗಿದ್ದೆ. ವಿಶ್ವವಿದ್ಯಾಲಯದಲ್ಲಿ ಓದಿದ್ದು ಪ್ರಾಣಿಶಾಸ್ತ್ರ, ವಿಶೇಷ ವಿಷಯ ಮೀನುಗಳ ಶರೀರಕ್ರಿಯೆ. ಎಲ್ಲಿಯೂ ಎರಡು ಮೂರು ವರ್ಷಕ್ಕಿಂತ ಹೆಚ್ಚು ನಿಲ್ಲದ ನನಗೆ ಅದು ಐದನೆಯದೋ ಆರನೆಯದೋ ನೌಕರಿ. ಬೋರ್‌ವೆಲ್ ನೀರು, ಕಾರ್ಖಾನೆಯ ನೀರು, ಮೀನಿನ ಕೆರೆಯ ನೀರು, ಹೀಗೆ ಬಾಟಲಿಯಲ್ಲಿ ಬಂದದ್ದನ್ನೆಲ್ಲ ಪರೀಕ್ಷಿಸುವುದು ನನ್ನ ಕೆಲಸ. ಮೀನು ಸಾಕುವವರು ನನ್ನನ್ನು ಡಾಕ್ಟರ್ ಎನ್ನುತ್ತಿದ್ದರು. ನಾನು ಡಾಕ್ಟರ್ ಅಲ್ಲ ಎಂದು ಹೇಳಿ ಹೇಳಿ ಬಿಟ್ಟಿದ್ದೆ.

ಆ ವಾರ ಮೀನಿನವರಿಗೆಲ್ಲ ಹಬ್ಬ. ಮೃಗಶಿರಾ ಮಳೆ ಹುಟ್ಟುವ ದಿನ ಮೀನು ತಿನ್ನಬೇಕು, ಮಳೆಗಾಲದ ಕೆಮ್ಮು ದಮ್ಮು ಹತ್ತಿರ ಸುಳಿಯುವುದಿಲ್ಲ ಎಂಬುದು ಇಲ್ಲಿನ ರೂಢಿ. ಅಂದು ಮಾರುಕಟ್ಟೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಎಲ್ಲರಿಗೂ ಬೇಕಾದದ್ದು ಕೊರಮೀನು. ಇಂಗ್ಲಿಷಿನಲ್ಲಿ ಮುರೆಲ್ ಎನ್ನುವ, ಹಾವಿನಂಥ ತಲೆಯ ಕಪ್ಪು ಮೀನು ಅದು. ಬುಟ್ಟಿಯಲ್ಲಿ ನೀರಿಲ್ಲದೆ ಬಿದ್ದಿದ್ದರೂ ಗಂಟೆಗಟ್ಟಲೆ ಬದುಕಿರುತ್ತದೆ.

ಆ ದಿನಕ್ಕೆ ಎರಡು ದಿನ ಮೊದಲು ಬೆಳಿಗ್ಗೆ ಶಿವಶರಣಪ್ಪನವರ ಫೋನು ಬಂತು. ಅವರು ಮೂಲತಃ ಬೀದರ ಕಡೆಯವರು, ನಿವೃತ್ತ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಊರ ಹೊರಗೆ ತಗಡಿನ ಶೆಡ್ ಕಟ್ಟಿ ಸಿಮೆಂಟಿನ ತೊಟ್ಟಿಗಳಲ್ಲಿ ಕೊರಮೀನು ಸಾಕಲು ತೊಡಗಿ ಅದು ಮೊದಲ ವರ್ಷ.

"ಡಾಕ್ಟ್ರ, ನನ್ನ ಮೀನಿಗೆ ಯಾರೋ ವಿಷಾ ಹಾಕ್ಯಾರ. ಯಾರೋ ಏನು, ಯಾರಂತ ಗೊತ್ತೈತಿ. ಅಂವನ್ನ ಒಳಗ ಹಾಕಿ ಬೀಗಾ ಜಡದೀನಿ. ನೀವು ಬಂದು ವಿಷಾ ಅಂತ ಒಂದ್ ಮಾತು ಹೇಳ್ರಿ, ಸಂಜಿಗೆ ಪೊಲೀಸರು ಬಂದು ಕರ್ಕೊಂಡು ಹೋಗ್ತಾರ."

ಮಲ್ಕಾಜ್‌ಗಿರಿಯ ಮನೆಯಿಂದ ನೇರವಾಗಿ ಸ್ಕೂಟರ್ ಹತ್ತಿದೆ. ನಾನು ಅವರ ಶೆಡ್ಡಿನ ಆವರಣದೊಳಗೆ ಹೋದದ್ದೇ ಶಿವಶರಣಪ್ಪ ಹಿಂದಿನಿಂದ ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿದರು. "ಪೊಲೀಸರು ಬರೋತನಾ ಯಾರೂ ಹೊರಗ ಹೋಗಂಗಿಲ್ಲ. ನಿಮಗೂ ಸೇರಿಸೇ ಹೇಳಾಕತ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ." ಸ್ಕೂಟರ್ ಕೀಲಿ ಜೇಬಿಗೆ ಹಾಕಿಕೊಂಡಾಗ ಅದರಿಂದ ಇನ್ನು ಉಪಯೋಗವಿಲ್ಲ ಎನ್ನಿಸಿದ್ದು ನೆನಪಿದೆ.

ಸಾವಿರಕ್ಕೂ ಮಿಕ್ಕಿದ ಮೀನುಗಳು ಶೆಡ್ಡಿನ ನೆಲದ ಮೇಲೆ ರಾಶಿಯಾಗಿದ್ದವು. ಬೆಳಿಗ್ಗೆ ಮಾಲೀಕರು ಬಂದು ನೋಡಿದಾಗ ದೊಡ್ಡ ತೊಟ್ಟಿಯ ಅಷ್ಟೂ ಕೊರಮೀನು ಸತ್ತಿದ್ದವಂತೆ. ತೊಟ್ಟಿಗೆ ಕಟ್ಟಿದ್ದ ಜಾಲರಿ ಕತ್ತರಿಸಿ, ನೀರು ಅರ್ಧಕ್ಕಿಳಿಸಿ, ಸತ್ತವನ್ನು ಹೊರಗೆ ಹಾಕಿ ಆಗಿತ್ತು. ಪಕ್ಕದ ಚಿಕ್ಕ ತೊಟ್ಟಿಯಲ್ಲಿದ್ದ ಕೆಲವು ಕೊರಮೀನುಗಳು ಮಾತ್ರ ಚೆನ್ನಾಗಿದ್ದವು.

ಶೆಡ್ಡಿನ ಮೂಲೆಯಲ್ಲಿ ಮೀನಿನ ಮೇವು ಇಡುವ ಕೋಣೆ. ಅದಕ್ಕೂ ತಗಡಿನ ಮಾಡು, ಗೋಡೆಯಲ್ಲಿ ಕಬ್ಬಿಣದ ಸರಳಿನ ಒಂದೇ ಕಿಟಕಿ. ಸರಳು ಹಿಡಿದುಕೊಂಡು ನಿಂತಿದ್ದವನು ಹಣಮಂತ, ಯಾದಗಿರಿ ಕಡೆಯವನು, ಅಲ್ಲೇ ಇದ್ದು ತೊಟ್ಟಿ ನೋಡಿಕೊಳ್ಳುವ ಕೆಲಸಗಾರ. ಹಿಂದಿನ ವಾರ ಊರಿಗೆ ಹೋಗಲು ರಜೆ ಕೇಳಿದ್ದ, ಸಿಕ್ಕಿರಲಿಲ್ಲ. ಸಿಟ್ಟಿನಲ್ಲಿ "ನಿಮ್ಮ ಮೀನೆಲ್ಲಾ ಸತ್ತು ಹೋಗ್ಲಿ" ಎಂದು ಎಲ್ಲರ ಎದುರು ಅಂದುಬಿಟ್ಟಿದ್ದ. ಮೀನು ಸತ್ತಿದ್ದವು. ರಾತ್ರಿ ಶೆಡ್ಡಿನ ಕೀಲಿ ಇದ್ದದ್ದು ಅವನ ಬಳಿ ಮಾತ್ರ. ಶಿವಶರಣಪ್ಪನವರಿಗೆ ಇಷ್ಟು ಸಾಕಾಗಿತ್ತು.

ಅವನ ಹೆಂಡತಿ ಶಾಂತವ್ವ ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದಳು. "ಅಣ್ಣಾರ, ನೀವರ ಹೇಳ್ರಿ. ಸಿಟ್ಟಿನಾಗ ಆಡಿದ ಮಾತಿಗೆ ಮೀನು ಸಾಯ್ತಾವ ಅಂದ್ರ, ಈ ಮಾಲಕರು ದಿನಾ ನಮಗ ಆಡೋ ಮಾತಿಗೆ ನಾವು ಎಷ್ಟು ಸಲ ಸಾಯಬೇಕಿತ್ತು?"

"ಸುಮ್ನಿರs ಶಾಂತಾ," ಎಂದ ಹಣಮಂತ ಒಳಗಿನಿಂದ. ಆಮೇಲೆ ನನ್ನ ಕಡೆಗೆ, "ಒಳಗ ಉಸಿರು ಕಟ್ಟತೈತ್ರಿ ಅಣ್ಣಾರ. ಬಾಗಲಾ ಅರ್ಧಾ ತಗದ್ರೂ ನಡೀತೈತಿ, ನಾ ಎಲ್ಲೂ ಓಡಂಗಿಲ್ಲ."

ಬಾಗಿಲು ತೆರೆಯಿರಿ ಎಂದೆ. ಶಿವಶರಣಪ್ಪ ಕೇಳಿಸದವರಂತೆ ಮೀಟರ್ ತಂದು ಕೈಗಿಟ್ಟರು.

ಆ ಮೀಟರಿನ ಬಗ್ಗೆ ಎರಡು ಮಾತು. ಮೀನು ಉಸಿರಾಡುವುದು ನೀರಿನಲ್ಲಿರುವ ಹೈಡ್ರೋಜನ್ ಜೊತೆ ಬೆಸೆದುಕೊಂಡಿರುವ ಆಕ್ಸಿಜನ್ ಅನ್ನಲ್ಲ. ಗಾಳಿಯಿಂದ ನೀರಿನಲ್ಲಿ ಕರಗಿ ಬಂದ ಆಕ್ಸಿಜನ್ ಅನ್ನು. ಅದು ಎಷ್ಟಿದೆ ಎಂದು ತೋರಿಸುವುದು ಡಿಸಾಲ್ವ್ಡ್ ಆಕ್ಸಿಜನ್ ಮೀಟರ್. ನಮ್ಮ ಬೇಸಗೆಯ ನೀರಿನಲ್ಲಿ, ಗಾಳಿ ಎಷ್ಟೇ ಊದಿದರೂ, ಲೀಟರಿಗೆ ಏಳೆಂಟು ಮಿಲಿಗ್ರಾಂಗಿಂತ ಹೆಚ್ಚು ಕರಗುವುದಿಲ್ಲ. ಅದು ಮೂರಕ್ಕೆ ಇಳಿದರೆ ಮೀನು ಸಾಕುವವರಿಗೆ ನಿದ್ದೆ ಬರುವುದಿಲ್ಲ. ಶಿವಶರಣಪ್ಪನವರ ಮೀಟರ್ ರಾತ್ರಿಯಿಡೀ ತೊಟ್ಟಿಯಲ್ಲೇ ಇತ್ತು, ಅಂಕಿಗಳನ್ನು ತಾನೇ ಉಳಿಸಿಕೊಂಡಿತ್ತು. ಅದು ಒಮ್ಮೆಯೂ ಏಳರ ಕೆಳಗೆ ಇಳಿದಿರಲಿಲ್ಲ.

"ಗಾಳಿ ಪಂಪು ನಿಂತಿಲ್ಲ. ಕರೆಂಟು ಹೋಗಿಲ್ಲ. ಆಕ್ಸಿಜನ್ ಏಳು ಐತಿ. ಇನ್ನೇನು ಉಳೀತು ಹೇಳ್ರಿ ಡಾಕ್ಟ್ರ? ವಿಷಾನ ಉಳೀತು."

ತೊಟ್ಟಿಯ ಅರ್ಧ ನೀರಿನಲ್ಲಿ ಏನೋ ಮಿಂಚಿತು. ಬಗ್ಗಿ ನೋಡಿದರೆ ಮರಿ ತರುವಾಗ ತಪ್ಪಿ ಸೇರಿ ಕೊರಮೀನಿನ ಬಾಯಿಗೆ ಹಿಡಿಯದಷ್ಟು ಬೆಳೆದ ಎರಡು ರೋಹು ಮೀನು. ಎರಡೂ ಬದುಕಿದ್ದವು. ನನಗೆ ಅದೇ ವಿಚಿತ್ರವೆನ್ನಿಸಿತು. ರೋಹು ನಾಜೂಕಿನ ಮೀನು, ನೀರು ಸ್ವಲ್ಪ ಕೆಟ್ಟರೂ ಮೊದಲು ಸಾಯುವುದು ಅದೇ. ಕೆಸರಿನಲ್ಲೂ ಬದುಕುವ ಕೊರಮೀನು ಸತ್ತು ರೋಹು ಉಳಿಯುವಂಥ ವಿಷ ಯಾವುದು? ಇದನ್ನು ಹೇಳಿದರೆ ಎಂಜಿನಿಯರ್ ಸಾಹೇಬರ ಬಳಿ ಉತ್ತರ ಸಿದ್ಧವಿತ್ತು. ವಿಷ ನೀರಿಗಲ್ಲ, ಮೇವಿಗೆ ಹಾಕಿದ್ದಾನೆ. ಕೊರಮೀನಿಗೆ ಹಾಕುವ ಒಣಮೀನಿನ ಚೂರನ್ನು ರೋಹು ಮುಟ್ಟುವುದಿಲ್ಲ.

ತಳ್ಳಿಹಾಕುವಂಥ ವಾದವಲ್ಲ ಅದು. ವಿಷವಿಲ್ಲ ಎಂದು ಪ್ರಯೋಗಾಲಯದಿಂದ ಖಚಿತವಾಗಲು ದಿನಗಳು ಬೇಕು. ಪೊಲೀಸರು ಸಂಜೆಗೆ ಬರುವವರಿದ್ದರು.

ಹಿಂದಿನ ಸಂಜೆಯಿಂದ ಏನೇನು ಮಾಡಿದಿರಿ, ಒಂದೊಂದೇ ಹೇಳಿರಿ ಎಂದು ಹಣಮಂತನನ್ನು ಕೇಳಿದೆ. ಗಂಡನ ಬದಲು ಹೆಂಡತಿ ಹೇಳಿದಳು. ಕೊರಮೀನು ಜಿಗಿಯುತ್ತವೆ, ಹಬ್ಬದ ಮುಂದೆ ಕಳ್ಳರ ಭಯ ಬೇರೆ. ಅದಕ್ಕೆ ಸಾಹೇಬರು ಹೇಳಿದಂತೆ ದೊಡ್ಡ ತೊಟ್ಟಿಗೆ ಮಾತ್ರ, ಒಳಗಿನ ಕೊಕ್ಕೆಗಳಿಗೆ, ಸಣ್ಣ ಕಣ್ಣಿನ ಜಾಲರಿ ಬಿಗಿದಿದ್ದರು. ಆಮೇಲೆ ನೀರು ಬೆಚ್ಚಗಾಗಿದೆ, ಬೋರ್ ಬಿಟ್ಟು ಅಂಚಿನವರೆಗೆ ತುಂಬಿಸು ಎಂದು ಸಾಹೇಬರೇ ಫೋನು ಮಾಡಿದರು. ತುಂಬಿಸಿದರು.

"ಆಮ್ಯಾಲ ರಾತ್ರಿ ಭಾಳೊತ್ತು ಜಾಲರೀಗೆ ಬಡೀತಿದ್ವು ನೋಡ್ರಿ, ತಪ ತಪ ತಪ ತಪ. ಇವರು ಸಾಹೇಬರಿಗೆ ಫೋನೂ ಹಚ್ಚಿದ್ರು."

"ಹೌದು, ಹಚ್ಚಿದ್ದ," ಎಂದರು ಶಿವಶರಣಪ್ಪ. "ಜಿಗಿಯೋದು ಅವುಗಳ ಸ್ವಭಾವ, ಹಗ್ಗಾ ಇನ್ನಷ್ಟು ಬಿಗೀ ಅಂದೆ. ಅದರಾಗೇನೈತಿ?"

"ನೀರು ತುಂಬಿಸಿದ ಮೇಲೆ ಜಾಲರಿ ಎಲ್ಲಿತ್ತು?" ಎಂದೆ.

"ನೀರಿನ ಒಳಗ, ಒಂದ್ ಗೇಣು ಕೆಳಗಿರಬೇಕು. ಜಾಲರಿ ಮ್ಯಾಲ ನೀರು ಬಂತು ಅಂದ್ರ ಏನಾತ್ರಿ? ಮೀನು ನೀರಾಗs ಅಲ್ಲೇನು ಇರೋದು?" ಎಂದರು ಶಿವಶರಣಪ್ಪ.

ಆಗ ನನಗೆ ವಿಶ್ವವಿದ್ಯಾಲಯದ ಒಂದು ತರಗತಿ ನೆನಪಾಯಿತು. ನೆನಪಾಯಿತು ಎನ್ನಬೇಕೋ, ಬೇಕಾದಾಗ ಹುಟ್ಟಿಕೊಂಡಿತು ಎನ್ನಬೇಕೋ ಈಗಲೂ ತಿಳಿಯದು. ಕೆಲವು ಮೀನುಗಳಿಗೆ ಕಿವಿರಿನ ಜೊತೆಗೆ ತಲೆಯೊಳಗೆ, ಕಿವಿರಿನ ಮೇಲ್ಭಾಗದಲ್ಲಿ, ಒಂದು ಗಾಳಿಕೋಣೆ ಇರುತ್ತದೆ. ಅದರ ಒಳಮೈ ಮಡಿಕೆ ಮಡಿಕೆಯಾಗಿ ರಕ್ತನಾಳಗಳಿಂದ ತುಂಬಿರುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತದೆ, ಆ ಕೋಣೆ ತುಂಬಿಕೊಂಡು ಕೆಳಗಿಳಿಯುತ್ತದೆ. ಇಷ್ಟು ಖಚಿತ. ಆದರೆ ಅಂಥ ಮೀನುಗಳಲ್ಲಿ ಎರಡು ಬಗೆ. ನೀರಿನಲ್ಲಿ ಆಕ್ಸಿಜನ್ ಕಡಿಮೆಯಾದಾಗ ಮಾತ್ರ ಗಾಳಿಗೆ ಬರುವವು ಒಂದು ಬಗೆ. ನೀರು ಎಷ್ಟೇ ಚೆನ್ನಾಗಿರಲಿ, ಗಾಳಿ ಸಿಗದಿದ್ದರೆ ಸಾಯುವವು ಇನ್ನೊಂದು. ಅವುಗಳ ಕಿವಿರು ಕುಗ್ಗಿ, ಅದೊಂದೇ ದೇಹಕ್ಕೆ ಸಾಲದಾಗಿರುತ್ತದೆ. ಕೊರಮೀನು ಎರಡನೆಯ ಬಗೆಯದು ಎಂದು ನಮ್ಮ ಮೇಷ್ಟರು ಹೇಳಿದ್ದರು. ಅಥವಾ ಅದನ್ನು ಬೇರೆ ಮೀನಿನ ಬಗ್ಗೆ ಹೇಳಿದ್ದರೇ?

ಮೊಬೈಲಿನಲ್ಲಿ ಹುಡುಕಿದೆ. ತಗಡಿನ ಕೆಳಗೆ ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. ತೆರೆದುಕೊಂಡ ಒಂದು ಪುಟದಲ್ಲಿ ಈ ಮೀನು ಗಾಳಿಯನ್ನೂ ಉಸಿರಾಡಬಲ್ಲದು ಎಂದಷ್ಟೇ ಇತ್ತು. ಹಳೆಯ ಸಹಪಾಠಿಗೆ ಫೋನು ಮಾಡಿದೆ. "ಮೇಲೆ ಬರುತ್ತೆ ಕಣೋ, ಆದರೆ ಬರಲೇಬೇಕಾ? ನೋಡಿ ಹೇಳ್ತೀನಿ," ಎಂದ. ಹೇಳಲಿಲ್ಲ. ಶಿವಶರಣಪ್ಪ ನನ್ನ ಮೊಬೈಲಿನ ಪುಟ ಓದಿ ನಕ್ಕರು. "ಉಸಿರಾಡಬಲ್ಲದು ಅಂತ ಬರದಾರ ಡಾಕ್ಟ್ರ. ನನಗೂ ಗೊತ್ತೈತಿ ಅದು. ನಾನು ಮೆಟ್ಟಲಾ ಹತ್ತಬಲ್ಲೆ. ಲಿಫ್ಟ್ ಇದ್ರ ಯಾಕ ಹತ್ತಲಿ? ನೀರಾಗ ಏಳು ಇರಬೇಕಾದ್ರ ಮೀನು ಮ್ಯಾಲ ಯಾಕ ಬರಬೇಕು?"

ನನ್ನ ಬಳಿ ಇದ್ದದ್ದು ಹಳೆಯ ತರಗತಿಯ ನೆನಪು ಒಂದೇ, ಅದನ್ನು ನಾನೇ ನಂಬುತ್ತಿರಲಿಲ್ಲ. ಅದನ್ನು ಪೊಲೀಸರ ಮುಂದಿಟ್ಟು ಒಬ್ಬ ಮನುಷ್ಯನನ್ನು ಬಿಡಿಸುವುದು ಹೇಗೆ? ಆಚೆ ಹೋಗಿ ಯಾರನ್ನಾದರೂ ಕೇಳೋಣವೆಂದರೆ ಗೇಟಿಗೆ ಬೀಗ. ಬಿಸಿಲು ಏರಿದಂತೆ ಶೆಡ್ ಕಾದು, ಸತ್ತ ಮೀನಿನ ವಾಸನೆ ಗಂಟಲಿಗಿಳಿಯುತ್ತಿತ್ತು. ಹಣಮಂತ ಕಿಟಕಿಯ ಸರಳುಗಳ ನಡುವೆ ಮೂಗು ಒಡ್ಡಿ ನಿಂತಿದ್ದ.

ಕೊನೆಗೆ ನಾನು ಕೇಳಿದ್ದು ಇಷ್ಟು: "ಸಾಹೇಬ್ರ, ನನ್ನ ಮಾತೂ ಬ್ಯಾಡ, ನಿಮ್ಮ ಮಾತೂ ಬ್ಯಾಡ. ಎರಡು ಟಬ್ಬು ಕೊಡ್ರಿ, ಬದುಕಿರೋ ಮೀನಿನಾಗ ಕೆಲವು ಕೊಡ್ರಿ. ಇಲ್ಲೇ ನೋಡಿಬಿಡೋಣ."

"ಉಳದಿರೋದ ಇಷ್ಟು. ಎರಡ ಕೊಡ್ತೀನಿ."

ಒಂದೊಂದು ಮೀನಿನಿಂದ ವಿಜ್ಞಾನವಾಗುವುದಿಲ್ಲ. ಆದರೆ ಅಂದು ಸಿಕ್ಕಿದ್ದು ಅಷ್ಟೇ. ಎರಡೂ ಟಬ್ಬಿಗೆ ಅದೇ ಬೋರಿನ ನೀರು, ಅದೇ ಪಂಪಿನಿಂದ ಗಾಳಿಯ ಗುಳ್ಳೆ. ರಾತ್ರಿ ಕಟ್ಟಿದ್ದ ಜಾಲರಿಯಿಂದಲೇ ಎರಡು ತುಂಡು ಕತ್ತರಿಸಿದೆವು, ಜಾಲರಿಯಲ್ಲೇ ದೋಷವಿತ್ತು ಎಂದು ಯಾರೂ ಹೇಳಬಾರದಲ್ಲ. ಒಂದು ಟಬ್ಬಿನಲ್ಲಿ ಜಾಲರಿಯನ್ನು ತಳದಲ್ಲಿ ಹಾಸಿದೆವು, ಮೀನು ಅದರ ಮೇಲೆ. ಇನ್ನೊಂದರಲ್ಲಿ ನೀರಿನ ಮೇಲ್ಮೈಗೆ ಒಂದು ಗೇಣು ಕೆಳಗೆ ಬಿಗಿದು ಕಟ್ಟಿದೆವು, ಮೀನು ಅದರ ಕೆಳಗೆ. ಯಾವ ಮೀನು ಯಾವುದಕ್ಕೆ ಎಂಬುದನ್ನು ಶಿವಶರಣಪ್ಪನವರೇ ಆರಿಸಿದರು. ಮೀಟರ್ ಕೂಡ ಅವರ ಕೈಯಲ್ಲೇ ಇತ್ತು.

ಮೊದಮೊದಲು ಏನೂ ಆಗಲಿಲ್ಲ. ತೆರೆದ ಟಬ್ಬಿನ ಮೀನು ಆಗಾಗ ಮೇಲೆ ಬಂದು 'ಗುಳುಕ್' ಎಂದು ಗಾಳಿ ನುಂಗಿ ಇಳಿಯುತ್ತಿತ್ತು. ಜಾಲರಿಯ ಕೆಳಗಿನದು ಒಂದೆರಡು ಸಲ ಮೂತಿ ತಾಗಿಸಿ ಸುಮ್ಮನಾಯಿತು. ಶಿವಶರಣಪ್ಪ ಕುರ್ಚಿ ಹಾಕಿಸಿಕೊಂಡು ಕುಳಿತರು. "ಎರಡರಾಗೂ ಏಳು. ನಿಮ್ಮ ಮೀನು ಧ್ಯಾನ ಮಾಡಾಕತ್ತೈತಿ ಡಾಕ್ಟ್ರ." ನಾನು ಮೇಷ್ಟರ ಮುಖವನ್ನು ನೆನಪಿಸಿಕೊಳ್ಳಲು ನೋಡಿದೆ. ಕರಿಹಲಗೆ ಬಂತು, ಮುಖ ಬರಲಿಲ್ಲ.

ಆ ಕಾಯುವಿಕೆಯಲ್ಲಿ ನಾನು ಅವರಿಗೆ ಉಸಿರಿನ ಪಾಠ ಹೇಳಿದೆ, ಸುಮ್ಮನಿರಲಾಗದೆ. ಗಾಳಿ ಒಳಗೆ ತೆಗೆದುಕೊಂಡು ಹೊರಗೆ ಬಿಡುವುದನ್ನು ನಾವು ಉಸಿರಾಟ ಎನ್ನುತ್ತೇವೆ. ಅದು ಸಾಗಣೆ ಮಾತ್ರ. ನಿಜವಾದ ಉಸಿರಾಟ ನಡೆಯುವುದು ಒಂದೊಂದು ಜೀವಕೋಶದ ಒಳಗೆ, ಮೈಟೊಕಾಂಡ್ರಿಯಾ ಎಂಬ ಸೂಕ್ಷ್ಮ ಚೀಲಗಳಲ್ಲಿ. ತಿಂದ ಆಹಾರದ ಸಕ್ಕರೆ ಅಲ್ಲಿ ಹಂತಹಂತವಾಗಿ ಒಡೆಯುತ್ತದೆ, ಅದರಿಂದ ಹೊರಬಿದ್ದ ಎಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟುತ್ತ ಶಕ್ತಿ ಬಿಡುಗಡೆ ಮಾಡುತ್ತವೆ. ಸಾಲಿನ ಕೊನೆಯಲ್ಲಿ ನಿಂತು ಅವನ್ನು ಇಸಿದುಕೊಳ್ಳುವುದು ಆಕ್ಸಿಜನ್. ಅದು ಇಲ್ಲದಿದ್ದರೆ ಕೊನೆಯವನ ಕೈ ತುಂಬಿರುತ್ತದೆ, ಅವನ ಹಿಂದಿನವನದೂ, ಅವನ ಹಿಂದಿನವನದೂ. ಇಡೀ ಸಾಲು ನಿಂತುಬಿಡುತ್ತದೆ. ಆಹಾರ ಇರುತ್ತದೆ, ಶಕ್ತಿ ಇರುವುದಿಲ್ಲ. ಸ್ನಾಯುಗಳು ಸಕ್ಕರೆಯನ್ನು ಅರ್ಧಕ್ಕೆ ಒಡೆದು ಕೆಲಹೊತ್ತು ತಳ್ಳುತ್ತವೆ, ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಮಿದುಳಿಗೆ ಆ ಸೌಕರ್ಯ ಸಾಲದು.

"ಒಂದ್ ಕಡೆ ಸರ್ಕ್ಯೂಟ್ ಬಿಟ್ರ ಎಲ್ಲಾ ಬಂದ್ ಆಗ್ತೈತಲ್ಲ, ಹಂಗ," ಎಂದರು ಶಿವಶರಣಪ್ಪ.

"ಹಂಗರಿ. ಒಂದು ಲೀಟರ್ ಗಾಳಿಯಾಗ ಆಕ್ಸಿಜನ್ ಎಷ್ಟೈತಿ ಗೊತ್ತೇನ್ರಿ? ನಿಮ್ಮ ಏಳು ಮಿಲಿಗ್ರಾಂನ ಮೂವತ್ತು ಪಟ್ಟಿಗೂ ಹೆಚ್ಚು. ಅದಕ್ಕs ಅದು ಮ್ಯಾಲ ಬರೋದು."

"ಅದು ನೀವು ಹೇಳೋದು. ಮೀನು ಇನ್ನೂ ಏನೂ ಹೇಳಿಲ್ಲ."

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೀನು ಹೇಳತೊಡಗಿತು. ಜಾಲರಿಗೆ ತಲೆಯಿಂದ ಹೊಡೆಯಿತು. ಸುತ್ತು ಹಾಕಿ ಮತ್ತೆ ಹೊಡೆಯಿತು. ಟಬ್ಬಿನ ನೀರು ಹೊರಗೆ ಚೆಲ್ಲಿತು. ಶಾಂತವ್ವ ಕುಳಿತಲ್ಲಿಂದಲೇ, "ರಾತ್ರೀನೂ ಇದs ಸದ್ದು, ಇದs," ಎಂದಳು. ಹೊಡೆತಗಳ ನಡುವಿನ ಬಿಡುವು ಉದ್ದವಾಗುತ್ತ ಹೋಯಿತು. ಮೀನಿನ ಕಿವಿರಿನ ಮುಚ್ಚಳಗಳು ಅಗಲವಾಗಿ ತೆರೆದು ಮುಚ್ಚುತ್ತಿದ್ದವು, ನೀರನ್ನು ಎಷ್ಟು ದಬ್ಬಿದರೂ ಸಾಲದೆ. ಆಮೇಲೆ ಅದು ಒಂದು ಮಗ್ಗುಲಿಗೆ ವಾಲಿತು. ನೆಟ್ಟಗಾಯಿತು. ಮತ್ತೆ ವಾಲಿತು, ಈ ಸಲ ಬಿಳಿ ಹೊಟ್ಟೆ ಕಾಣುವಂತೆ.

"ಮೀಟರ್ ಎಷ್ಟೈತಿ ನೋಡ್ರಿ," ಎಂದೆ.

ಶಿವಶರಣಪ್ಪ ನೋಡಿದರು. "ಏಳು." ಮತ್ತೆ ಒರೆಸಿ ಅದ್ದಿ ನೋಡಿದರು. "ಏಳs ಐತಿ." ಪಕ್ಕದ ಟಬ್ಬಿನಲ್ಲಿ ಅದ್ದಿದರು. ಅಲ್ಲೂ ಅಷ್ಟೇ. ಅಲ್ಲಿನ ಮೀನು 'ಗುಳುಕ್' ಎಂದಿತು.

ಜಾಲರಿ ಕತ್ತರಿಸಲು ನಾನು ಚಾಕು ಹುಡುಕುವಷ್ಟರಲ್ಲಿ ಅವರು ಕುರ್ಚಿ ತಳ್ಳಿ ಎದ್ದು, ಎರಡೂ ಕೈಯಿಂದ ಜಾಲರಿಯನ್ನು ಕಿತ್ತೆಳೆದರು. ಮೀನು ಮೇಲೆ ಬರಲಿಲ್ಲ. ಅವರು ಮೊಣಕೈವರೆಗೆ ತೋಳು ಮುಳುಗಿಸಿ, ಅದರ ಗಲ್ಲದ ಕೆಳಗೆ ಅಂಗೈ ಕೊಟ್ಟು, ಮೂತಿಯನ್ನು ನೀರಿನ ಮೇಲೆ ಹಿಡಿದರು. "ತಗೋ. ತಗೋಳೊ. ಬಾಯಿ ತಗಿ," ಎನ್ನುತ್ತಿದ್ದರು. ನನಗೆ ಹಾಗೆ ಕೇಳಿಸಿತು. ಬಾಯಿ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು. ಬಹಳ ಹೊತ್ತಿನ ಮೇಲೆ ಬಾಲ ಅಲ್ಲಾಡಿ ಅದು ಅವರ ಕೈಯಿಂದ ಜಾರಿ ತಳಕ್ಕಿಳಿಯಿತು, ತಾನಾಗಿ ಮೇಲೆ ಬಂತು, ಗಾಳಿ ನುಂಗಿತು.

ಶಿವಶರಣಪ್ಪ ತೋಳಿನಿಂದ ನೀರು ಸೋರುತ್ತಿರಲು ಹಾಗೆಯೇ ನಿಂತರು. ನೆಲದ ಮೇಲಿನ ರಾಶಿಯ ಕಡೆ ನೋಡಿದರು. "ರಾತ್ರಿ ಫೋನಿನಾಗ ಅಂವ ಬಡೀತಾವ ಅಂತ ಹೇಳಿದ," ಎಂದರು. "ನಾ ಬಿಗೀ ಅಂದೆ."

ಕೀಲಿ ತೆಗೆದು ಅವರೇ ಬಾಗಿಲು ತೆರೆದರು. ಪೊಲೀಸರಿಗೂ ಅವರೇ ಫೋನು ಮಾಡಿ, ಬರುವುದು ಬೇಡ, ತಪ್ಪು ನಮ್ಮದೇ ಎಂದರು. ಹಣಮಂತ ಹೊರಗೆ ಬಂದು ಯಾರ ಮುಖವನ್ನೂ ನೋಡದೆ ನೀರು ಕುಡಿದ. ಊಟ ಮಾಡಿ ಹೋಗು, ನಾಳೆಯಿಂದ ರಜೆ ತಗೋ ಎಂದು ಮಾಲೀಕರು ಹೇಳಿದ್ದಕ್ಕೆ, "ರಜಾ ಬ್ಯಾಡ್ರಿ. ನಾ ಹೊಂಟೆ," ಎಂದ. ಶಾಂತವ್ವ ಆಗಲೇ ಗಂಟು ಕಟ್ಟುತ್ತಿದ್ದಳು.

ಈ ಘಟನೆಯ ನಂತರ ಶಿವಶರಣಪ್ಪನವರನ್ನು ಒಂದು ಮದುವೆಯಲ್ಲಿ ಕಂಡೆ. ಎರಡು ಟಬ್ಬಿನ ಉಪಾಯ ತಮ್ಮದೇ ಎಂದು ಅವರು ಪಕ್ಕದವರಿಗೆ ವಿವರಿಸುತ್ತಿದ್ದರು, ನನ್ನ ಕಡೆ ತಿರುಗಿ ಹೌದಲ್ಲವೇ ಎಂದು ತಲೆಯಾಡಿಸಿದರು. ನಾನು ಅಲ್ಲ ಎನ್ನಲಿಲ್ಲ. ನನ್ನ ನೆನಪನ್ನು ಎಷ್ಟು ನಂಬಬೇಕೆಂದು ನನಗೆ ಗೊತ್ತು. ಕೊರಮೀನು ಗಾಳಿಗೆ ಬರಲೇಬೇಕಾದ ಮೀನು ಎಂಬುದನ್ನಂತೂ ಆಮೇಲೆ ಪುಸ್ತಕಗಳಲ್ಲಿ ನೋಡಿ ಖಚಿತ ಮಾಡಿಕೊಂಡೆ. ಮೇಷ್ಟರು ಹೇಳಿದ್ದರೋ ಇಲ್ಲವೋ, ಸಂಗತಿ ನಿಜ. ನೀರಿನಲ್ಲಿ ಏನಿದೆ ಎಂದು ಅಳೆಯುವುದು ಬೇರೆ, ಅದು ಯಾರ ಉಸಿರಿಗೆ ಸಾಕಾಗುತ್ತದೆ ಎಂದು ತಿಳಿಯುವುದು ಬೇರೆ.

ಆದರೆ ಆ ದಿನ ನನ್ನ ವೃತ್ತಿ ನನಗೆ ಕಲಿಸಿದ ಪಾಠ ಅದಲ್ಲ. ಸಂಜೆ ಗೇಟಿನ ಬಳಿ ಸ್ಕೂಟರ್ ಚಾಲೂ ಮಾಡುತ್ತಿದ್ದಾಗ ಹಣಮಂತ ಹತ್ತಿರ ಬಂದ. ಗಂಟು ಹೆಗಲ ಮೇಲಿತ್ತು.

"ಅಣ್ಣಾರ, ಒಂದ್ ಕೇಳ್ತೀನಿ. ಆ ಮೀನು ಸತ್ರ ನಾ ಹೊರಗ ಬರ್ತಿದ್ನೋ, ಬದುಕಿದ್ರ ಬರ್ತಿದ್ನೋ? ಮಧ್ಯಾಹ್ನದಿಂದ ಕಿಟಕಿಯಾಗ ನಿಂತು ನೋಡಾಕತ್ತಿದ್ದೆ. ನೀವು ಸಾಹೇಬರಿಗೆ ಏನೇನೋ ಹೇಳ್ತಿದ್ರಿ, ಪಂಪಿನ ಸದ್ದಿನಾಗ ನನಗ ಕೇಳಲಿಲ್ಲ. ಏನಂತ ಬೇಡ್ಕೋಬೇಕು ಅಂತ ತಿಳೀಲಿಲ್ರಿ. ಒಮ್ಮೆ ಸಾಯಲಿ ಅಂದೆ, ಒಮ್ಮೆ ಬದುಕಲಿ ಅಂದೆ."

ಎಂಜಿನಿಯರಿಗೆ ಮೈಟೊಕಾಂಡ್ರಿಯಾದವರೆಗೆ ಬಿಡಿಸಿ ಹೇಳಿದ್ದ ನಾನು, ಸರಳು ಹಿಡಿದು ನಿಂತವನಿಗೆ ಒಂದು ಮಾತೂ ಹೇಳಿರಲಿಲ್ಲ. ಅದಾದ ಮೇಲೆ ಇನ್ನೂ ಮೂರು ಕಡೆ ಕೆಲಸ ಮಾಡಿದ್ದೇನೆ. ಎಲ್ಲಿಯೇ ಆಗಲಿ, ಬಾಟಲಿಯ ಮುಚ್ಚಳ ತೆಗೆಯುವ ಮೊದಲು, ಅದರ ಫಲಿತಾಂಶಕ್ಕಾಗಿ ಕಾಯುತ್ತಿರುವವರ ಬಳಿ ಹೋಗಿ ಹೇಳುತ್ತೇನೆ: ಹೀಗಾದರೆ ಇದರ ಅರ್ಥ ಇದು, ಹಾಗಾದರೆ ಅದು. ಆಮೇಲೆ ನೀವು ಏನು ಬೇಕಾದರೂ ಬೇಡಿಕೊಳ್ಳಿ.